ಅಂಚೆಚೀಟಿಯಷ್ಟು ಮುಖ

ಮಾರ್ಚ್ 4, ಬುಧವಾರ

ನೀರಿನ ಕ್ಯಾನ್ ತರುವವನು ಇವತ್ತು ನನ್ನ ಇಷ್ಟು ದಿನದ ಕೆಲಸವನ್ನು ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡಿದ. ಅವನ ತಪ್ಪಿಲ್ಲ, ನಾನೇ ಕೇಳಿದ್ದು.

ನಮ್ಮ ಕಂಪ್ಯೂಟರ್ ಆಟದ ಮುಖಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಆಟ ಮಾರುವ ಆನ್‌ಲೈನ್ ಅಂಗಡಿಯಲ್ಲಿ ಜನರಿಗೆ ಅದು ಕಾಣುವುದು ಅಷ್ಟೇ, ಬೇರೆ ಆಟಗಳ ಚಿತ್ರಗಳ ಸಂತೆಯ ನಡುವೆ, ಬೆರಳು ಸರಿಸುತ್ತಾ ಹೋಗುವವರ ಕಣ್ಣಿಗೆ ಒಂದು ಕ್ಷಣ. ಆ ಕ್ಷಣದಲ್ಲಿ ಏನು ಕಂಡಿತೋ ಅದೇ ನಮ್ಮ ಆಟ. ಅದಕ್ಕೇ ಮನೆಗೆ ಯಾರೇ ಬರಲಿ, ಚಿತ್ರದ ಮೇಲಿನ ಅಂಗೈ ತೆಗೆದು, ತಕ್ಷಣ ಮುಚ್ಚಿ, "ಏನು ಕಾಣಿಸ್ತು?" ಎಂದು ಕೇಳುತ್ತೇನೆ.

ಆ ಮನುಷ್ಯ ಕ್ಯಾನನ್ನು ಎಂದಿನಂತೆ ಮನೆ ನಡುಗುವ ಹಾಗೆ ಧಡ್ ಎಂದು ಇಳಿಸಿ, ಕುತ್ತಿಗೆಯ ಬೆವರು ಒರೆಸಿಕೊಂಡು ನೋಡಿದ. "ಮನೆ. ಬಾಡಿಗೆಗಿದ್ಯಾ ಮೇಡಂ?"

ತಮ್ಮ ಬಿದ್ದು ಬಿದ್ದು ನಕ್ಕ. ಅವನ ಮಗಳು ಬುಗುರಿ ಅಪ್ಪ ನಕ್ಕಿದ್ದಕ್ಕೆ ತಾನೂ ನಕ್ಕಳು. ನನಗೂ ನಗು ಬಂತು, ಆಮೇಲೆ ಮೈ ಉರಿಯಿತು. ಸಂಜೆಯ ಬೆಳಕು, ಒಂದು ಮನೆ, ಒಂದೇ ಕಿಟಕಿಯಲ್ಲಿ ದೀಪ. ಅಷ್ಟು ಚೆಂದ ಬಿಡಿಸಿದ್ದೆ.

ಆಟ ತಮ್ಮನದು, ನಾಲ್ಕು ವರ್ಷದ ದುಡಿಮೆ. ಆಡುವವರು ಅದರಲ್ಲಿ ಒಂದು ಮಗುವಾಗುತ್ತಾರೆ. ಅಪ್ಪ ಕೆಲಸದಿಂದ ಬರುತ್ತಾನೆ, ಮಗು ಕಪಾಟಿನಲ್ಲೋ ಮಂಚದಡಿಯಲ್ಲೋ ಅಡಗಬೇಕು. ಒಂದು ಗುಂಡಿ ಒತ್ತಿ ಹಿಡಿದರೆ ಮಗು ಉಸಿರು ಹಿಡಿಯುತ್ತದೆ. ಆಗ ಮನೆಯ ಸದ್ದೆಲ್ಲ ಅಡಗಿ ಅಪ್ಪನ ಹೆಜ್ಜೆ ಮಾತ್ರ ಕೇಳಿಸುತ್ತದೆ. ಅದು ಯಾರ ಅಪ್ಪ ಎಂದು ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಚಿತ್ರ, ಬರಹ ನನ್ನ ಪಾಲು. ತಿಂಗಳ ಕೊನೆಗೆ ಅಂಗಡಿಯವರ 'ಹೊಸ ಆಟಗಳ ವಾರ'. ಅಷ್ಟರಲ್ಲಿ ಅಂಗಡಿಯಲ್ಲಿ ನಮ್ಮ ಆಟದ ಪುಟ ಏರದಿದ್ದರೆ ಆಟವನ್ನು ಕೇಳುವವರಿಲ್ಲ, ತಮ್ಮ ಮತ್ತೆ ಕಾಲ್ ಸೆಂಟರಿನ ಹೆಡ್‌ಫೋನ್ ಹಾಕಿಕೊಂಡು ಕಂಡವರಿಂದ ಬೈಸಿಕೊಳ್ಳಬೇಕು. ನಾನಿರುವಾಗ ಅದು ಆಗಕೂಡದು.

ಮಾರ್ಚ್ 6, ಶುಕ್ರವಾರ

ಪುಟದ ಮೊದಲ ಸಾಲಿಗಾಗಿ ಬೆಳಗಿನಿಂದ ಜಗಳ. ಜನ ಓದುವುದು ಅದೊಂದನ್ನೇ. ಮಿಕ್ಕದ್ದು ನಮ್ಮ ಸಮಾಧಾನಕ್ಕೆ.

ತಮ್ಮ ಬರೆದದ್ದು: "ಉಸಿರು ಹಿಡಿದುಕೊಳ್ಳಿ. ಅಪ್ಪ ಬಂದರು." ಆ ಮನುಷ್ಯನಿಗೆ ಇವನಿಂದ ಇನ್ನೂ ಬಹುವಚನ.

"ಎಕ್ಸ್‌ರೇ ತೆಗೆಯೋನು ಹೇಳೋ ಮಾತಿದು. ಉಸಿರು ಹಿಡ್ಕೊಳ್ಳೋಕೆ ಯಾರಾದ್ರೂ ಆಟ ಕೊಂಡ್ಕೋತಾರಾ?"

"ಆಟದಲ್ಲಿ ಅದನ್ನೇ ತಾನೇ ಮಾಡೋದು ಅಕ್ಕ."

"ಮಾಡೋದನ್ನಲ್ಲ ಕಣೋ, ಮಾಡ್ಬೇಕು ಅಂತ ಒಳಗೊಳಗೇ ಆಸೆ ಇರುತ್ತಲ್ಲ, ಅದನ್ನ ಬರೀಬೇಕು."

ನಾನು ಬರೆದದ್ದು: "ಈ ಸಲ ನೀನು ತಿರುಗಿ ಹೊಡೆಯುತ್ತೀಯ." ಅವನು ಓದಿ ಕನ್ನಡಕ ತೆಗೆದು ಒರೆಸಿದ. ಉತ್ತರ ಗೊತ್ತಿದ್ದೂ ಹೇಳಲು ಹೆದರಿದಾಗ ಅವನು ಮಾಡುವ ಕೆಲಸ ಅದು, ಚಿಕ್ಕಂದಿನಿಂದ.

"ಹೊಡೆಯೋದು ಆಟದಲ್ಲಿ ಇಲ್ವೇ ಇಲ್ಲ. ಪುಟದಲ್ಲಿ ಒಂದು ಹೇಳಿ ಒಳಗೆ ಇನ್ನೊಂದು ಕೊಟ್ರೆ ಕೊಂಡೋರು ಮುಖಕ್ಕೆ ಉಗೀತಾರೆ."

"ಉಗೀಲಿ. ಮೊದಲು ಬಂದಾದ್ರೂ ಬರ್ಲಿ."

"ನನಗೆ ಹೊಡೆಯೋ ಆಟ ಬೇಡ," ಎಂದ ಮೆಲ್ಲಗೆ.

ಕಾಫಿ ಲೋಟ ಗೋಡೆಗೆ ಹೋಯಿತು. ಅವನ ಕಡೆಗಲ್ಲ, ಗೋಡೆಗೆ. ನಾಳೆ ಅವನು ಬೇರೆ ರೀತಿ ಹೇಳಬಾರದು ಎಂದು ಬರೆದಿಡುತ್ತಿದ್ದೇನೆ. ಚೂರುಗಳನ್ನು ಅವನೇ ಗುಡಿಸಿದ, ನಾನು ಗುಡಿಸು ಎಂದಿರಲಿಲ್ಲ.

ಮಾರ್ಚ್ 9, ಸೋಮವಾರ

ಮನೆ, ದೀಪ, ಸಂಜೆ ಎಲ್ಲ ಕಸದ ಬುಟ್ಟಿಗೆ. ಅಂಚೆಚೀಟಿಯಷ್ಟು ಜಾಗದಲ್ಲಿ ಕಾಣುವುದು ಮುಖ ಒಂದೇ. ಅಪ್ಪನ ಮುಖ ಬೇಕು, ಚಿತ್ರದ ತುಂಬ, ಮೇಲಿನಿಂದ ಬಾಗಿದ್ದು. ಎದುರಿಗೆ ಪುಟ್ಟ ಹುಡುಗಿ, ಕೈಯಲ್ಲಿ ಸುತ್ತಿಗೆ.

ಅವನ ಫೋಟೊ ಒಂದೂ ಇಲ್ಲ. ಅವನು ಸತ್ತ ವಾರವೇ ಎಲ್ಲವನ್ನೂ ನಾನೇ ಕತ್ತರಿಸಿ ತಗಡಿನ ಡಬ್ಬದಲ್ಲಿ ಸುಟ್ಟಿದ್ದೆ. ಆಸ್ಪತ್ರೆಯ ಬಿಳಿ ಹಾಸಿಗೆಯ ಮೇಲೆ ನಿದ್ದೆಯಲ್ಲಿ ಸತ್ತ. ಇವತ್ತಿಗೂ ನನಗೆ ಸಹಿಸಲಾಗದ್ದು ಅದು. ಹಾಗಾಗಿ ಈಗ ಕನ್ನಡಿಯೇ ಗತಿ. ಚಿತ್ರ ಬರೆಯುವವರೆಲ್ಲ ಮಾಡುವುದು ಇದನ್ನೇ: ಮೇಜಿನ ಮೇಲೆ ಕನ್ನಡಿ ನಿಲ್ಲಿಸಿಕೊಂಡು ಬೇಕಾದ ಮುಖ ಮಾಡುವುದು, ಹುಬ್ಬು ಎಲ್ಲಿ ಸೇರುತ್ತದೆ, ದವಡೆ ಎಲ್ಲಿ ಉಬ್ಬುತ್ತದೆ ನೋಡಿ ಗೀಚಿಕೊಳ್ಳುವುದು. ಆದರೆ ಸುಮ್ಮನೆ ಹಲ್ಲು ಕಡಿದರೆ ಕೋತಿ ಕಾಣುತ್ತದೆ. ಸಿಟ್ಟು ನಿಜವಾಗಿ ಬರಬೇಕು.

ಹಳೆಯದೊಂದು ದಿನ ನೆನೆದು ಬರಿಸಿಕೊಂಡೆ. ಅಮ್ಮ ಚಮಚಕ್ಕೆಂದು ಮೇಜಿನ ಡ್ರಾಯರಿಗೆ ಕೈ ಹಾಕಿದ್ದಳು. ಅವನು ಮಾತಿನ ನಡುವೆ, ಮಾತು ನಿಲ್ಲಿಸದೆ, ಸೊಂಟದಿಂದ ಡ್ರಾಯರು ದೂಡಿದ. ಕಡ್ಡಿ ಮುರಿದಷ್ಟೇ ಸದ್ದು. ಡಾಕ್ಟರರ ಮುಂದೆ ಅಮ್ಮ ಹೇಳಿದ್ದು, "ಬಾಗಿಲಿಗೆ ಸಿಕ್ತು." ತಮ್ಮ ಕಪಾಟಿನೊಳಗೆ ಇದ್ದ. ಕಪಾಟು ಅಪ್ಪನೇ ಮಾಡಿದ್ದು, ಕಸುಬಿನಲ್ಲಿ ಬಡಗಿ, ಕೈಕೆಲಸದಲ್ಲಿ ಎತ್ತಿದ ಕೈ. ನಾನು ಕಪಾಟಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನನ್ನು ದಾಟಿ ಅವನು ಒಂದು ಸಲವೂ ಒಳಗೆ ಕೈ ಹಾಕಲಿಲ್ಲ. ನನ್ನ ಹೆಗಲ ಮೂಳೆ ಇವತ್ತಿಗೂ ಚಳಿಗೆ ಹಿಡಿದುಕೊಳ್ಳುತ್ತದೆ.

ಮುಖ ಬಂತು. ಮಧ್ಯಾಹ್ನದೊಳಗೆ ಅರ್ಧ ಮುಗಿಯಿತು. ಅಟ್ಟದಿಂದ ಅವನ ಹಳೆಯ ಸುತ್ತಿಗೆಯನ್ನೂ ಇಳಿಸಿದೆ. ತೂಕ ಕೈಗೆ ಗೊತ್ತಾಗದೆ ಚಿತ್ರದಲ್ಲಿ ಭಾರ ಬರುವುದಿಲ್ಲ. ಸುತ್ತಿಗೆ ಎತ್ತಿಕೊಂಡು ಕೆಲಸದ ಕೋಣೆಯಲ್ಲಿ ಓಡಾಡುವಾಗ ಬಣ್ಣದ ಡಬ್ಬಿ ಉರುಳಿ ನನ್ನ ನೀಲಿ ಚಪ್ಪಲಿಯ ಮೇಲೆ ಹಳದಿ ಬಿತ್ತು. ಬುಗುರಿ ನೋಡಿ, "ಅತ್ತೆ ಚಪ್ಪಲಿ ಮೇಲೆ ಆಮ್ಲೆಟ್," ಎಂದಳು.

ಮಾರ್ಚ್ 12, ಗುರುವಾರ

ಗೆದ್ದೆ.

ಕೆಳಮನೆಯ ದರ್ಜಿ ಹೆಂಗಸು ಏನೋ ದಬದಬ ಸದ್ದು ಎಂದು ದೂರು ಹೇಳಲು ಮೇಲೆ ಬಂದಳು. ಮಾತು ಮುಗಿಯುವ ಮುಂಚೆ ಫ್ರಿಜ್ಜಿನ ಮೇಲಿನ ಅಂಗೈ ತೆಗೆದೆ. ಹಾವು ತುಳಿದವಳಂತೆ ಹಿಂದೆ ಸರಿದು ಬಾಗಿಲ ಚೌಕಟ್ಟಿಗೆ ತಲೆ ಹೊಡೆಸಿಕೊಂಡಳು. "ಯಾರ್ರೀ ಅದು?" ಎಂದಳು. ದೂರು ಮರೆತೇ ಹೋಯಿತು. ಅವಳ ನೆತ್ತಿಗೆ ಐಸ್ ಕೊಟ್ಟು ಕಳಿಸಿದೆ. ಹೊಟ್ಟೆ ತಣ್ಣಗಾಯಿತು.

ಸಂಜೆ ಗೇಟಿಗೆ ಅಡ್ಡ ವ್ಯಾನ್ ನಿಲ್ಲಿಸಿದವನೊಬ್ಬ, "ಐದು ನಿಮಿಷ ಇರಮ್ಮ, ಏನು ಗಂಟು ಹೋಗುತ್ತೆ," ಎಂದ. ಸುತ್ತಿಗೆ ಕೈಯಲ್ಲೇ ಇತ್ತು, ಹಿಡಿತ ಅಭ್ಯಾಸವಾಗಲಿ ಎಂದು ಈಗ ಇಟ್ಟುಕೊಂಡೇ ಇರುತ್ತೇನೆ. ಅವನ ಪಕ್ಕದ ಕನ್ನಡಿ ಒಂದೇ ಏಟಿಗೆ ಹೋಯಿತು. ಎರಡನೆಯದು ಕಿಟಕಿಗೆ. ಗಾಜು ಅವನ ಮಡಿಲಿಗೆ ಸುರಿಯಿತು, ಕಿವಿಯಿಂದ ರಕ್ತ ಗೆರೆಯಾಗಿ ಇಳಿಯಿತು. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ, ಅಷ್ಟು ದೊಡ್ಡ ಆಳು. ಆ ಕಣ್ಣುಗಳಲ್ಲಿ ಬಿಳಿ ಎಷ್ಟು ಕಂಡಿತು, ರೆಪ್ಪೆ ಎಷ್ಟು ಮೇಲೆ ಹೋಯಿತು ಎಲ್ಲ ಗುರುತಿಟ್ಟುಕೊಂಡು ಬಂದು, ಚಿತ್ರದ ಹುಡುಗಿಯ ಕಣ್ಣು ತಿದ್ದಿದೆ. ಈಗ ಜೀವ ಬಂದಿದೆ.

ತಮ್ಮ ಕೆಳಗೆ ಹೋಗಿ ಅವನ ಕೈ ಕಾಲು ಹಿಡಿದು ಕಳಿಸಿದನಂತೆ. ಇವನ ಹಣೆಬರಹವೇ ಇಷ್ಟು, ಎಲ್ಲರ ಕೈ ಕಾಲು ಹಿಡಿಯುವುದು.

ಮಾರ್ಚ್ 17, ಮಂಗಳವಾರ

ಮುಗಿದ ಚಿತ್ರ ತೋರಿಸಿದೆ. ತಮ್ಮ ಅದನ್ನು ಬಹಳ ಹೊತ್ತು ನೋಡಿದ, ಆಮೇಲೆ ನನ್ನನ್ನು ನೋಡಿದ.

"ಆಟದಲ್ಲಿ ಸುತ್ತಿಗೆ ಎಲ್ಲಿದೆ ಅಕ್ಕ?"

"ಸೇರಿಸು."

"ಆಗಲ್ಲ."

"ಆಗಲ್ವೋ, ಆಗೋಕೆ ಬಿಡಲ್ವೋ?"

ಅವನು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಕೈ ಇಟ್ಟುಕೊಂಡೇ ಹೇಳಿದ: "ಆ ಮಗೂಗೆ ಸುತ್ತಿಗೆ ಕೊಟ್ರೆ ಅದು ಮಗು ಅಲ್ಲ. ನಾನು ಇದನ್ನ ಮಾಡಿದ್ದು ಅಡಗಿ ಕೂತೋರಿಗೋಸ್ಕರ. ನೀನು ಬಾಗಿಲ ಹೊರಗಿದ್ದೆ, ನಿನಗೆ ಗೊತ್ತಿಲ್ಲ."

ನನಗೆ ಗೊತ್ತಿಲ್ಲವಂತೆ. ಇವನ ಪಾಲಿನದನ್ನೂ ಬೆನ್ನ ಮೇಲೆ ಹೊತ್ತವಳಿಗೆ ಗೊತ್ತಿಲ್ಲವಂತೆ. ಪಿತ್ತ ನೆತ್ತಿಗೇರಿತು. ಲ್ಯಾಪ್‌ಟಾಪಿನ ಮುಚ್ಚಳವನ್ನು ಅಂಗೈಯಿಂದ ಬಡಿದು ಮುಚ್ಚಿ, ಮೇಲೆ ಮೈಭಾರ ಬಿಟ್ಟೆ. ಅವನು ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಕೂಗಲೂ ಇಲ್ಲ, ತುಟಿ ಬಿಳಿಯಾಯಿತು ಅಷ್ಟೇ. ಬುಗುರಿ ಹೋಂವರ್ಕ್ ಬಿಟ್ಟು ತಲೆ ಎತ್ತಿ ನೋಡಿದಳು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವಳೇ ಊದಿದ ಬೆರಳುಗಳಿಗೆ ಪಟ್ಟಿ ಕಟ್ಟಿದಳು. "ಹೇಗಾಯ್ತು?" ಎಂದು ಕೇಳಿದಳು.

"ಬಾಗಿಲಿಗೆ ಸಿಕ್ತು," ಎಂದ.

ಚಾಡಿ ಹೇಳಲಿಲ್ಲ. ಎಷ್ಟಾದರೂ ನನ್ನ ತಮ್ಮ.

ಮಾರ್ಚ್ 18, ಬುಧವಾರ

ಕೆಲಸವಾಗಲಿಲ್ಲ. ಮನೆಯಲ್ಲಿ ಎಲ್ಲರೂ ಬಹಳ ಒಳ್ಳೆಯವರಾಗಿದ್ದಾರೆ.

ಮಾರ್ಚ್ 20, ಶುಕ್ರವಾರ

ಸುತ್ತಿಗೆ ಆಟಕ್ಕೆ ಬಂತು. ಪಟ್ಟಿ ಕಟ್ಟಿದ ಕೈ ಮಡಿಲಲ್ಲಿಟ್ಟು, ಇನ್ನೊಂದು ಕೈಯಲ್ಲೇ ತಮ್ಮ ಸೇರಿಸಿದ. ಮೊದಲೇ ಹೀಗೆ ನನ್ನ ಮಾತು ಕೇಳಿದ್ದರೆ ಯಾರ ಬೆರಳಿಗೂ ನೋವಾಗುತ್ತಿರಲಿಲ್ಲ.

ಏಟಿನ ಸದ್ದು ಬೇಕಿತ್ತು. ಅಡುಗೆಮನೆಯ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮೈಕು ನಿಲ್ಲಿಸಿ, ಕಲ್ಲಂಗಡಿಗೆ ಒದ್ದೆ ಟವೆಲ್ ಸುತ್ತಿ ಹೊಡೆದೆ. ಮೊದಲ ಏಟಿಗೆ ಟೊಳ್ಳು ಸದ್ದು, ಅದು ತಲೆಯಲ್ಲ, ಡೋಲು. ಎರಡನೆಯದಕ್ಕೆ ಸಿಪ್ಪೆ ಬಿರಿಯಿತು. ಆಮೇಲಿನವು ಬೇಕಾದ ಹಾಗೆ ಬಂದವು, ಮೆತ್ತಗೆ, ಒದ್ದೆಯಾಗಿ, ಒಳಗೆ ಏನೋ ಜರುಗಿದಂತೆ. ಹೂಕೋಸಿನ ದಂಟು ಮುರಿದು ಮೂಳೆಯ ಸದ್ದು ಮಾಡಿದೆ. ಬುಗುರಿಗೆ ಮೊದಲು ಮೋಜೋ ಮೋಜು, ಕೆನ್ನೆಯ ಮೇಲೆ ಸಿಡಿದದ್ದನ್ನು ನೆಕ್ಕಿಕೊಂಡು ನಗುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ನಗಲಿಲ್ಲ.

"ಅತ್ತೆ, ಸಾಕು. ಅದು ಸತ್ತೋಯ್ತು."

ಅಷ್ಟರಲ್ಲಿ ಮೈಕಿನ ತಂತಿ ಯಾವಾಗಲೋ ಕಿತ್ತು ಹೋಗಿತ್ತು. ಕೊನೆಯ ಏಟುಗಳು ದಾಖಲಾಗೇ ಇಲ್ಲ. ಪರವಾಗಿಲ್ಲ, ಸಾಕಷ್ಟಿವೆ.

ಮಧ್ಯಾಹ್ನವೆಲ್ಲ ಆಡಿದೆ. ಹುಡುಗಿ ಕಪಾಟಿನಿಂದ ಹೊರಬರುತ್ತಾಳೆ, ಹೊಡೆಯುತ್ತಾಳೆ, ಅವನು ಬೀಳುತ್ತಾನೆ. ಮತ್ತೆ ಮೊದಲಿನಿಂದ. ಬೀಳುವಾಗ ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳುವಂತೆ ಮಾಡು ಎಂದು ತಮ್ಮನಿಗೆ ಹೇಳಿದೆ. ಮಾಡಿದ.

ಮಾರ್ಚ್ 23, ಸೋಮವಾರ

ಬುಗುರಿಯನ್ನು ಇಷ್ಟು ದಿನ ಪರೀಕ್ಷೆ ಮಾಡಿರಲಿಲ್ಲ, ಮನೆಯವಳು ಎಂದು. ಇವತ್ತು ಹಾಲಿಗೆಂದು ಫ್ರಿಜ್ಜಿನ ಹತ್ತಿರ ಬಂದಾಗ ಅಂಗೈ ತೆಗೆದು ಮುಚ್ಚಿದೆ.

"ಯಾರು ಕಾಣಿಸಿದ್ರು?"

"ನೀನು."

ಎಷ್ಟು ಸಂತೋಷವಾಯಿತೆಂದರೆ ಅವಳನ್ನು ಎತ್ತಿಕೊಂಡು ಒಂದು ಸುತ್ತು ಸುತ್ತಿದೆ. ಸುತ್ತಿಗೆ ಹಿಡಿದ ಹುಡುಗಿ ನಾನು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಮಗುವಿನ ಕಣ್ಣಿಗೆ ತಾನೇ ಹೊಳೆಯಿತು. ಅವಳ ಮೈ ಮಾತ್ರ ಮರದ ಗೊಂಬೆಯಂತೆ ಸೆಟೆದಿತ್ತು. ಇಳಿಸಿದ ಕೂಡಲೇ ಹಾಲು ಮರೆತು ಓಡಿದಳು.

ಪುಟದ ಕರಡು ಏರಿಸಿದೆವು. ಶುಕ್ರವಾರ ಸಂಜೆ ಎಲ್ಲರಿಗೂ ತೆರೆಯುವುದು.

ಮಾರ್ಚ್ 27, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಕೊನೆಯ ಸಲ ನೋಡೋಣ ಎಂದು ಪುಟ ತೆರೆದೆ. ನನ್ನ ಚಿತ್ರ ಇರಲಿಲ್ಲ. ಅದರ ಜಾಗದಲ್ಲಿ ಆಟದಿಂದಲೇ ತೆಗೆದ ಒಂದು ಕಪ್ಪು ಚೌಕ, ನಡುವೆ ಬೆಳಕಿನ ಒಂದು ಗೀಟು. ಮೊದಲ ಸಾಲು ಎಕ್ಸ್‌ರೇಯವನದು. ಆಟದಿಂದ ಸುತ್ತಿಗೆಯೂ ಹೋಗಿತ್ತು, ಪಾಸ್‌ವರ್ಡೂ ಬದಲಾಗಿತ್ತು.

"ಪಾಸ್‌ವರ್ಡ್ ಕೊಡು," ಎಂದೆ.

"ಇಲ್ಲ ಅಕ್ಕ."

ಇಷ್ಟು ವರ್ಷದಲ್ಲಿ ಅವನು ನನಗೆ ಇಲ್ಲ ಎಂದದ್ದು ನೆನಪಿಲ್ಲ. ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿ ಅವನ ಮಾನಿಟರಿಗೆ ಹೊಡೆದೆ. ಅದು ಒಳಮುಖವಾಗಿ ಕುಸಿಯಿತು. ಮೇಜಿನ ಅಂಚು ಹಾರಿತು. ಅವನು ಕುರ್ಚಿಯಿಂದ ಎದ್ದ ರಭಸಕ್ಕೆ ಸುತ್ತಿಗೆ ಅವನ ಮೊಣಕೈಗೆ ತಾಗಿತು, ಅಥವಾ ನಾನೇ ತಾಗಿಸಿದೆ, ಗೊತ್ತಿಲ್ಲ. ಅವನು ನನ್ನ ಕಡೆ ಕೈ ಎತ್ತಲೇ ಇಲ್ಲ. ಮೂಲೆಯಲ್ಲಿ ಬಣ್ಣ ತುಂಬುತ್ತಾ ಕೂತಿದ್ದ ಬುಗುರಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿದ.

"ಬಾಗಿಲು ತೆಗೆಯೋ. ಮಾತಾಡೋಣ," ಎಂದೆ. ಮಾತಾಡುವ ಉದ್ದೇಶವೇ ಇತ್ತು. ತೆಗೆಯಲಿಲ್ಲ. ಹೊಡೆದೆ. ಬಣ್ಣದ ಚಕ್ಕೆ ಎದ್ದಿತು. ಮತ್ತೆ ಹೊಡೆದೆ. ಒಳಗೆ ಬಕೆಟ್ಟು ಉರುಳಿತು. ಹಲಗೆ ಮೇಲಿನಿಂದ ಕೆಳಗೆ ಸೀಳಿತು, ಬೆರಳು ತೂರುವಷ್ಟು ಸಂದಿ. ಆ ಸಂದಿಗೆ ಬಾಯಿಟ್ಟು ಕೂಗಿದೆ, ಏನು ಕೂಗಿದೆನೋ ಬರೆಯುವಂಥದ್ದಲ್ಲ. ಅವು ನನ್ನ ಬಾಯಿಯ ಮಾತುಗಳೂ ಅಲ್ಲ, ಎಲ್ಲೋ ಕೇಳಿದವು.

ಉಸಿರು ತೆಗೆದುಕೊಳ್ಳಲು ನಿಂತಾಗ ಒಳಗಿನ ಪಿಸುಮಾತು ಕೇಳಿಸಿತು.

"ಅಪ್ಪ, ಉಸಿರು ಹಿಡ್ಕೋ. ಹಿಡ್ಕೊಂಡ್ರೆ ಹೋಗ್ತಾಳೆ."

ಆಮೇಲೆ ಏನೂ ಇಲ್ಲ. ನಲ್ಲಿ ತೊಟ್ಟಿಕ್ಕುವುದು, ಕೆಳಮನೆಯ ಹೊಲಿಗೆ ಯಂತ್ರ, ಬೀದಿ, ಎಲ್ಲ ಅಡಗಿದವು. ನಾನು ಕಾಲು ಬದಲಿಸಿದೆ, ಆ ಚಪ್ಪಲಿಯ ಸದ್ದು ಮನೆ ತುಂಬ ಕೇಳಿಸಿತು.

ಅವಳು ಏಳು ವರ್ಷದವಳು. ಎಷ್ಟು ಹೊತ್ತು ಹಿಡಿದಾಳು ಎಂದು ನನಗೆ ಭಯ ಹತ್ತಿತು. ನಾನು ಹೋಗುವವರೆಗೆ ಬಿಡುವವಳಲ್ಲ, ಆಟ ಅವಳಿಗೆ ಚೆನ್ನಾಗಿ ಬರುತ್ತದೆ. ಸುತ್ತಿಗೆಯನ್ನು ಅಲ್ಲೇ ನೆಲದ ಮೇಲಿಟ್ಟೆ. ಹೋದದ್ದು ಅವರಿಗೆ ಗೊತ್ತಾಗಲಿ ಎಂದು ಹೆಜ್ಜೆ ಜೋರಾಗಿ ಇಡುತ್ತಾ ಬಾಗಿಲು ದಾಟಿ, ಮೆಟ್ಟಿಲು ಇಳಿದು, ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂತೆ. ಅಂಗೈಯಲ್ಲಿ ಸುತ್ತಿಗೆಯ ಹಿಡಿಯ ಗುರುತು ಕೆಂಪಗೆ ಮೂಡಿತ್ತು.

ಸಂಜೆ ತಮ್ಮನ ಹೆಂಡತಿ ಬಂದು ನನ್ನನ್ನು ದಾಟಿ ಮೇಲೆ ಹೋದಳು. ಬಹಳ ಹೊತ್ತಾದ ಮೇಲೆ ಮೂವರೂ ಚೀಲ ಹಿಡಿದು ಇಳಿದರು. ತಮ್ಮನ ಮೊಣಕೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಅವಳು ನನ್ನ ಮುಂದೆ ನಿಂತು, "ಬೆರಳು ಬಾಗಿಲಿಗೆ ಸಿಕ್ಕಿದ್ದಲ್ಲ ಅಲ್ವಾ ಅಕ್ಕ?" ಎಂದಳು. "ಅಲ್ಲ," ಎಂದೆ. ಅಷ್ಟೇ ಮಾತು. ಬುಗುರಿ ಅಮ್ಮನ ಸೆರಗಿನ ಮರೆಯಲ್ಲಿ ನಡೆದಳು. ಅವಳ ಕೆನ್ನೆ ಉಬ್ಬಿತ್ತು, ಗೇಟು ದಾಟಿದ ಮೇಲೆ ಉಸಿರು ಬಿಟ್ಟಳು.

ಮಾರ್ಚ್ 29, ಭಾನುವಾರ

ತಮ್ಮನ ಸಂದೇಶ: "ಮೂಳೆ ಬಿರುಕು ಬಿಟ್ಟಿದೆ. ಪುಟ ಇನ್ನೂ ತೆರೆದಿಲ್ಲ, ಪಾಸ್‌ವರ್ಡ್ ಮತ್ತೆ ಹಳೆಯದೇ ಇಟ್ಟಿದೀನಿ. ನನ್ನ ಕೈಲಿ ಇನ್ನು ಆಗಲ್ಲ. ನಿನ್ನ ಚಿತ್ರ ಹಾಕೋದಾದ್ರೆ ಹಾಕು."

ಬುಗುರಿ ಹೇಗಿದ್ದಾಳೆ ಎಂದು ಕೇಳಿದೆ.

ಫ್ರಿಜ್ಜಿನ ಮೇಲಿನ ಮುಖವನ್ನು ಕಿತ್ತು ಹತ್ತಿರದಿಂದ ನೋಡಿದೆ. ಹುಬ್ಬು, ದವಡೆ, ಎಡಗಣ್ಣಿನ ಕೆಳಗಿನ ಮಚ್ಚೆ. ಅಪ್ಪನಿಗೆ ಮಚ್ಚೆ ಇರಲಿಲ್ಲ.

ಮಾರ್ಚ್ 30, ಸೋಮವಾರ

ಹೊಸ ಚಿತ್ರ. ಬಚ್ಚಲುಮನೆಯ ಒಳಗೆ ಹೋಗಿ ಚಿಲಕ ಹಾಕಿಕೊಂಡು, ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತೆ. ಅವಳ ಕಣ್ಣಿನ ಎತ್ತರ ಅದು. ಹೋಗುವ ಮುಂಚೆ ಚಪ್ಪಲಿಗಳನ್ನು ಬಾಗಿಲ ಆಚೆ, ನಾನು ನಿಂತಿದ್ದ ಜಾಗದಲ್ಲೇ ಇಟ್ಟಿದ್ದೆ. ಸೀಳಿದ ಹಲಗೆಯ ಸಂದಿಯಿಂದ ಏನು ಕಾಣುತ್ತದೋ ಅಷ್ಟನ್ನೇ ಬರೆದೆ: ಕತ್ತಲು, ಬೆಳಕಿನ ಸೀಳು, ಸೀಳಿನ ಕೆಳಗೆ ಹಳದಿ ಕಲೆಯ ನೀಲಿ ಚಪ್ಪಲಿಯ ಎರಡು ಪಾದ. ತಮ್ಮನ ಕಪ್ಪು ಚೌಕವೇ, ಯಾರು ನಿಂತಿದ್ದಾರೆ ಎಂಬುದನ್ನು ಮಾತ್ರ ಸೇರಿಸಿದೆ. ಕನ್ನಡಿ ಬೇಕಾಗಲಿಲ್ಲ. ಒಳಗೆ ಕೂತಿದ್ದಷ್ಟು ಹೊತ್ತೂ, ಹೊರಗೆ ಯಾರೂ ಇಲ್ಲ ಎಂದು ಗೊತ್ತಿದ್ದೂ, ಚಿಲಕ ತೆಗೆಯಲು ಧೈರ್ಯ ಸಾಲಲಿಲ್ಲ.

ಮೊದಲ ಸಾಲು ತಮ್ಮನದೇ ಇರಲಿ. ಅದಕ್ಕಿಂತ ಒಳ್ಳೆಯದು ನನಗೆ ಬರುವುದಿಲ್ಲ.

ಮಾರ್ಚ್ 31, ಮಂಗಳವಾರ

ನೀರಿನ ಕ್ಯಾನಿನವನು ಬಂದ. ಕ್ಯಾನು ಹೆಗಲ ಮೇಲಿರುವಾಗಲೇ ಹೊಸ ಚಿತ್ರದ ಮೇಲಿನ ಅಂಗೈ ತೆಗೆದು ಮುಚ್ಚಿದೆ.

"ಏನು ಕಾಣಿಸ್ತು?"

ಅವನು ನನ್ನ ಹಿಂದಿನ ಬಚ್ಚಲ ಬಾಗಿಲನ್ನು, ಅದರ ಸೀಳನ್ನು ನೋಡಿದ. ಖಾಲಿ ಕೋಣೆ ನೋಡಿದ. ಆಮೇಲೆ ಅವನ ಕಣ್ಣು ಕೆಳಗೆ, ನನ್ನ ಕಾಲಿನ ಮೇಲೆ ನಿಂತಿತು.

"ಒಳಗೆ ಮಗು ಇದೆ," ಎಂದ. "ಹೊರಗಿರೋ ಚಪ್ಪಲಿ ನಿಮ್ದಲ್ವಾ ಮೇಡಂ?"

"ಹೌದು, ನಂದೇ," ಎಂದೆ.

ಅವನು ಮಂಡಿ ಬಗ್ಗಿಸಿ, ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟೂ ಸದ್ದಾಗದಂತೆ ನೆಲಕ್ಕೆ ಇಳಿಸಿ, ಹೊರಟುಹೋದ.